ಸೀಳು ಎಲ್ಲಿದೆ, ಯಾವ ಕಡೆಗೆ ಓಡಿದೆ? ರೈಫಲ್ ತೋಟೆಯ ಹಿತ್ತಾಳೆ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಬ್ರಹ್ಮಾವರದ ಕಡೆಯವನು. ಹದಿನಾಲ್ಕು ವರ್ಷದಿಂದ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದೇನೆ. ಇಲ್ಲಿ ಗುರಿ ಹೊಡೆಯುವ ಹವ್ಯಾಸ ಹತ್ತಿದೆ. .308 ವಿಂಚೆಸ್ಟರ್ ರೈಫಲಿಗೆ ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತೇನೆ. ಇಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ನೂರು ಹೊಸ ಹಿತ್ತಾಳೆ ಕೇಸ್, ಅಂದರೆ ಮದ್ದಿನ ಪುಡಿ ತುಂಬಿ ಬಾಯಲ್ಲಿ ಗುಂಡು ಕೂರಿಸುವ ಖಾಲಿ ಕೊಳವೆ, ಕೊಂಡಿದ್ದೆ. ಒಮ್ಮೆ ಹಾರಿಸಿದ ಮಿಲಿಟರಿ ಕೇಸ್ ಇನ್ನೂರು ಬೇರೆ. ನಾಲ್ಕನೇ ಸಲ ತುಂಬುವ ಹೊತ್ತಿಗೆ ಹೊಸದರಲ್ಲಿ ಒಂಬತ್ತರ ಕುತ್ತಿಗೆ ಸೀಳಿತು. ಇನ್ನು ಕೆಲವದರ ಬುಡದ ಮೇಲ್ಗಡೆ ಬಳೆಯ ಹಾಗೆ ಹೊಳೆಯುವ ಗೆರೆ ಬಂದಿದೆ. ಮಿಲಿಟರಿ ಕೇಸಿನ ಬುಡದಲ್ಲಿ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಟ್ಟಲು, ಕೂರುವುದೇ ಇಲ್ಲ. ತೂಕವೂ ಒಂದೊಂದಕ್ಕೆ ಒಂದೊಂದು. ಎಲ್ಲಕ್ಕಿಂತ ವಿಚಿತ್ರವೆಂದರೆ, ಮೂರು ವರ್ಷದ ಹಿಂದೆ ತುಂಬಿ ಡಬ್ಬದಲ್ಲಿಟ್ಟ ಇಪ್ಪತ್ತು ತೋಟೆಗಳಲ್ಲಿ ಆರಕ್ಕೆ ಹಾರಿಸದೆಯೇ ಸೀಳು ಬಂದಿದೆ. ಫೋನಿನಲ್ಲಿ ಅಪ್ಪನಿಗೆ ಹೇಳಿದರೆ, "ದನದ ಹಟ್ಟಿಯ ಅಟ್ಟದಲ್ಲಿಟ್ಟ ಹಿತ್ತಾಳೆ ಕೊಡಪಾನವೂ ಹೀಗೇ ಸೀಳಿತ್ತು" ಎಂದು ನಕ್ಕರು. ಇದು ಕಂಪನಿಯ ಕಳಪೆ ಮಾಲೋ, ನನ್ನ ಕೈಯ ತಪ್ಪೋ? ಫೋಟೋ ಕಳಿಸಿದ್ದೇನೆ. ಡಿಸೆಂಬರ್‌ನಲ್ಲಿ ಊರಿಗೆ ಬರುವಾಗ ನಾಲ್ಕು ಖಾಲಿ ಕೇಸ್ ತಂದು ತೋರಿಸಲಾ?

ಉತ್ತರ: ನಿಮ್ಮ ತಂದೆಯವರು ನಕ್ಕಿರಬಹುದು, ಆದರೆ ಹೇಳಿದ್ದು ತಮಾಷೆಯ ಮಾತಲ್ಲ. ನಿಮ್ಮ ಐದು ದೂರುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ಅವರ ಮಾತಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕೋವಿ ಹಿಡಿದವನಲ್ಲ, ಲೋಹಶಾಸ್ತ್ರ ಪಾಠ ಹೇಳಿದವನು. ಒಡೆದ ಪೈಪು, ಮುರಿದ ಶಾಫ್ಟು ಹಿಡಿದುಕೊಂಡು ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಸೀಳು ಎಲ್ಲಿದೆ? ಯಾವ ಕಡೆಗೆ ಓಡಿದೆ? ತಪ್ಪು ಯಾರದು ಎಂದು ಮಾತಾಡುವುದು ಅದಾದ ಮೇಲೆ. ನೀವು ಐದು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕಿ "ಕಳಪೆ ಹಿತ್ತಾಳೆ" ಎಂದು ಚೀಟಿ ಅಂಟಿಸಿದ್ದೀರಿ. ಬಿಡಿಸಿ ನೋಡೋಣ.

ಕೇಸಿನ ಲೋಹ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಈ ಬೆರಕೆಗೆ ಕಾರ್ಟ್ರಿಡ್ಜ್ ಬ್ರಾಸ್ ಎಂದೇ ಹೆಸರು. ಹಿತ್ತಾಳೆಗಳಲ್ಲೆಲ್ಲ ಚೆನ್ನಾಗಿ ಎಳೆಯಲು ಬರುವುದು ಇದು. ಮೊದಲು ದಪ್ಪ ತಗಡಿನಿಂದ ಬಿಲ್ಲೆ ಕತ್ತರಿಸಿ ಬಟ್ಟಲಿನ ಹಾಗೆ ಒತ್ತುತ್ತಾರೆ. ಆಮೇಲೆ ಹಂತ ಹಂತವಾಗಿ ಎಳೆದು ಉದ್ದ ಮಾಡುತ್ತಾರೆ. ಎಳೆದ ಹಾಗೆ ಲೋಹ ಗಟ್ಟಿಯಾಗುತ್ತದೆ, ಇನ್ನೂ ಎಳೆದರೆ ಹರಿಯುತ್ತದೆ. ಹಾಗಾಗಿ ನಡುನಡುವೆ ಕಾಯಿಸಿ ಮೆದು ಮಾಡಬೇಕು. ಕಂಚುಗಾರರು ತಗಡು ಬಡಿಯುವಾಗ ಆಗಾಗ ಕೆಂಡಕ್ಕೆ ಹಿಡಿಯುತ್ತಾರಲ್ಲ, ಅದೇ ಕೆಲಸ. ಕಾರ್ಖಾನೆಯವರು ಇದನ್ನು ಅನೀಲಿಂಗ್ ಎನ್ನುತ್ತಾರೆ.

ಕೊನೆಗೆ ತಯಾರಾದ ಕೇಸು ಹೊರಗಿನಿಂದ ಒಂದೇ ತುಂಡು. ಗಟ್ಟಿತನ ಮಾತ್ರ ಬುಡದಿಂದ ಬಾಯಿಗೆ ಹೋದ ಹಾಗೆ ಬದಲಾಗುತ್ತದೆ. ಬುಡವನ್ನು ಬೇಕೆಂದೇ ಗಟ್ಟಿ ಬಿಡುತ್ತಾರೆ, ಯಾಕೆಂದರೆ ಪ್ರೈಮರನ್ನು ಹಿಡಿದಿಡುವುದು ಅದು, ಒತ್ತಡದ ಭಾರ ಹೊರುವುದೂ ಅದು. .308ಕ್ಕೆ ಒಪ್ಪಿದ ಗರಿಷ್ಠ ಒತ್ತಡ 62,000 ಪಿಎಸ್‌ಐ. ಕಾರಿನ ಟಯರಿಗೆ ನಾವು ಹಾಕಿಸುವುದು 32. ಗುಂಡನ್ನು ಹಿಡಿಯುವ ಕುತ್ತಿಗೆ, ಅದರ ಕೆಳಗೆ ಮೈ ಅಗಲವಾಗುವ ಹೆಗಲು ಮೆದುವಾಗಿರಬೇಕು. ಗುಂಡು ಹಾರಿದಾಗ ಅವು ಹಿಗ್ಗಿ ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಗೂಡು) ಗೋಡೆಗೆ ಅಂಟಿ ಗಾಳಿ ಹಿಂದೆ ಬಾರದ ಹಾಗೆ ತಡೆಯುತ್ತವೆ, ಮರುಕ್ಷಣ ತುಸು ಕುಗ್ಗಿ ಬಿಟ್ಟುಕೊಡುತ್ತವೆ. ಸುಮ್ನೆ ಚೆಂದಕ್ಕೆ ಹಿತ್ತಾಳೆ ಬಳಸಿದ್ದಲ್ಲ.

ಈಗ ನಿಮ್ಮ ಒಂಬತ್ತು ಕೇಸು. ಫೋಟೋದಲ್ಲಿ ಸೀಳು ಬಾಯಿಯಿಂದ ಶುರುವಾಗಿ ಉದ್ದಕ್ಕೆ ಕೆಳಗೆ ಇಳಿದಿದೆ. ಇದು ದಣಿದ ಕುತ್ತಿಗೆಯ ಸೀಳು. ಒಂದು ಸಲ ಹಾರಿಸಿ ತುಂಬುವಷ್ಟರಲ್ಲಿ ಆ ಕುತ್ತಿಗೆಗೆ ಮೂರು ಏಟು ಬಿದ್ದಿರುತ್ತದೆ. ಹಾರುವಾಗ ಹಿಗ್ಗುತ್ತದೆ, ಕೇಸನ್ನು ಮೊದಲಿನ ಅಳತೆಗೆ ತರುವ ಅಚ್ಚಿಗೆ, ಅಂದರೆ ಡೈಗೆ, ತುರುಕಿದಾಗ ಕುಗ್ಗುತ್ತದೆ, ಡೈಯೊಳಗಿನ ಗುಂಡಿ ಹೊರಗೆ ಬರುವಾಗ ಮತ್ತೆ ಹಿಗ್ಗಿಸುತ್ತದೆ. ಪ್ರತಿ ಏಟಿಗೂ ಇನ್ನಷ್ಟು ಗಟ್ಟಿ, ಇನ್ನಷ್ಟು ಪೆಡಸು.

ಆದರೂ ನಾಲ್ಕನೇ ಸಲಕ್ಕೇ ನೂರರಲ್ಲಿ ಒಂಬತ್ತು ಹೋದದ್ದು ಬೇಗವಾಯಿತು. ಅನುಮಾನ ಇಬ್ಬರ ಮೇಲೆ. ಒಂದು, ಆ ಲಾಟಿನ ಕುತ್ತಿಗೆಯನ್ನು ತಯಾರಕರು ಸರಿಯಾಗಿ ಕಾಯಿಸಿಲ್ಲ. ಎರಡು, ನಿಮ್ಮ ರೈಫಲಿನ ಚೇಂಬರು ಅಗಲ, ನಿಮ್ಮ ಡೈ ಬಿಗಿ. ಬೇರ್ಪಡಿಸಲು ಸೂಕ್ಷ್ಮ ಅಳತೆ ತೆಗೆಯುವ ಒಂದು ಕ್ಯಾಲಿಪರ್ ಸಾಕು. ಹಾರಿಸಿದ ಕೇಸಿನ ಕುತ್ತಿಗೆ, ಡೈಯಿಂದ ಬಂದ ಕುತ್ತಿಗೆ, ಗುಂಡು ಕೂರಿಸಿದ ಮೇಲಿನ ಕುತ್ತಿಗೆ, ಮೂರರ ಹೊರ ಅಳತೆ ತೆಗೆಯಿರಿ. ಎರಡನೆಯದನ್ನು ಒಳಗಿನ ಗುಂಡಿಯನ್ನು ಬಿಚ್ಚಿಟ್ಟು ತೆಗೆಯಬೇಕು, ಇಲ್ಲವಾದರೆ ಡೈ ಎಷ್ಟು ಹಿಂಡುತ್ತದೆ ಎಂಬುದು ಕಾಣುವುದಿಲ್ಲ. ಗುಂಡನ್ನು ಹಿಡಿಯಲು ಕುತ್ತಿಗೆ ಒಂದು 0.05 ಮಿ.ಮೀ. ಬಿಗಿಯಿದ್ದರೆ ಸಾಕು. ನಿಮ್ಮ ಡೈ ಅದರ ನಾಲ್ಕೈದು ಪಟ್ಟು ಹಿಂಡುತ್ತಿದ್ದರೆ ಕಂಪನಿಗೆ ಬೈಯುವ ಮೊದಲು ಡೈ ಬದಲಿಸಿ. ಹಾಗಿಲ್ಲದಿದ್ದರೆ ಬೇರೆ ತಯಾರಿಕೆಯ ಇಪ್ಪತ್ತು ಕೇಸನ್ನು ಇದೇ ರೈಫಲು, ಇದೇ ಡೈಯಲ್ಲಿ ನಾಲ್ಕು ಸಲ ಓಡಿಸಿ. ಅವು ಬಾಳಿದರೆ ನಿಮ್ಮ ದೂರಿಗೆ ಬಲ ಬರುತ್ತದೆ.

ಕುತ್ತಿಗೆಯಲ್ಲಿ ನೀಲಿ ಹಳದಿ ಕಲೆ ಇಲ್ಲ, ಹಾಗಾಗಿ ಕಾಯಿಸಿಯೇ ಇಲ್ಲ ಎಂದು ವಾದಿಸಬೇಡಿ. ಆ ಕಲೆ ಕಾಯಿಸಿದ ಗುರುತು, ನಿಜ. ಮಿಲಿಟರಿ ಮಾಲಿನಲ್ಲಿ ಅದನ್ನು ಹಾಗೇ ಬಿಡುತ್ತಾರೆ. ಅಂಗಡಿ ಮಾಲಿನಲ್ಲಿ ಎಷ್ಟೋ ತಯಾರಕರು ಹೊಳಪು ಕೊಟ್ಟು ಒರೆಸಿಬಿಡುತ್ತಾರೆ, ಗಿರಾಕಿಗೆ ಮಿರಮಿರ ಮಿಂಚುವುದೇ ಇಷ್ಟ ಅಲ್ವಾ.

ಕೆಲವರು ಮನೆಯಲ್ಲೇ ಕುತ್ತಿಗೆ ಕಾಯಿಸಿ ಆಯುಸ್ಸು ಹೆಚ್ಚಿಸಿಕೊಳ್ಳುತ್ತಾರೆ. ಮಾಡುವುದಾದರೆ ಒಂದು ಮಾತು ನೆನಪಿಡಿ. ಬಿಸಿ ಬುಡಕ್ಕೆ ಇಳಿಯಬಾರದು. ಹಿತ್ತಾಳೆ ಗಟ್ಟಿಯಾಗುವುದು ಬಡಿದರೆ, ಎಳೆದರೆ ಮಾತ್ರ. ಬಿಸಿ ತಾಗಿ ಮೆದುವಾದ ಬುಡವನ್ನು ಮತ್ತೆ ಗಟ್ಟಿ ಮಾಡುವ ದಾರಿ ನಿಮ್ಮ ಗ್ಯಾರೇಜಿನಲ್ಲಿಲ್ಲ. ನಮ್ಮ ಕಮ್ಮಾರರು ಕಾದ ಕತ್ತಿಯನ್ನು ನೀರಿಗೆ ಅದ್ದಿ ಗಟ್ಟಿ ಮಾಡುವುದನ್ನು ನೋಡಿ, ಹಿತ್ತಾಳೆಯೂ ಹಾಗೇ ಎಂದುಕೊಂಡವರು ಬಹಳ ಮಂದಿ. ಅದು ಉಕ್ಕಿನ ಗುಣ. ಕಾಯಿಸಿದ ಕೇಸನ್ನು ನೀರಿಗೆ ಹಾಕಿದರೆ ಬಿಸಿ ಕೆಳಗೆ ಹರಿಯುವುದು ನಿಲ್ಲುತ್ತದೆ, ಅಷ್ಟೇ. ಇನ್ನು, ಅತಿಯಾಗಿ ಕಾಯಿಸಿದರೆ ಒಳಗಿನ ಹರಳುಗಳು ದಪ್ಪವಾಗಿ, ಆಮೇಲೆ ಎಳೆದಾಗ ಮೈ ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತದೆ. ಹೊಸ ಕೇಸಿನ ಕುತ್ತಿಗೆಯಲ್ಲೇ ಅಂಥ ಮೈ ಕಂಡರೆ ತಯಾರಕರ ಕುಲುಮೆ ಕೆಟ್ಟಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಎರಡನೆಯದು ಬಳೆಯ ಹಾಗಿನ ಗೆರೆ. ಇದರ ದಿಕ್ಕು ನೋಡಿ. ಉದ್ದಕ್ಕಲ್ಲ, ಸುತ್ತ. ಸುತ್ತ ಬಂದ ಗೆರೆ ಎಂದರೆ ಕೇಸು ಉದ್ದಕ್ಕೆ ಎಳೆಯಲ್ಪಟ್ಟಿದೆ ಎಂದರ್ಥ. ನೀವು ಡೈಯನ್ನು ಜಾಸ್ತಿ ಕೆಳಗೆ ತಿರುಗಿಸಿ ಹೆಗಲನ್ನು ಹಿಂದಕ್ಕೆ ತಳ್ಳಿದ್ದೀರಿ. ಚೇಂಬರಿನಲ್ಲಿ ಕೇಸಿಗೆ ಹಿಂದೆ ಮುಂದೆ ಸರಿಯಲು ಜಾಗ ಉಳಿಯಿತು. ಗುಂಡು ಹಾರುವಾಗ ಕೇಸಿನ ಮುಂಭಾಗ ಗೋಡೆಗೆ ಅಂಟುತ್ತದೆ, ಬುಡ ಹಿಂದಕ್ಕೆ ಸರಿಯುತ್ತದೆ. ನಡುವಿನ ಗೋಡೆ ತೆಳುವಾಗುತ್ತದೆ. ಹೀಗೆ ಮೂರು ನಾಲ್ಕು ಸಲ ಆದರೆ ಒಂದು ದಿನ ಕೇಸು ಎರಡು ತುಂಡು. ಬಿಸಿ ಗಾಳಿ ನಿಮ್ಮ ಮುಖದ ಕಡೆಗೆ.

ಇದರಲ್ಲಿ ಹಿತ್ತಾಳೆಯ ಪಾಪ ಏನೂ ಇಲ್ಲ. ಪೇಪರ್ ಕ್ಲಿಪ್ಪಿನ ತುದಿ ಬಗ್ಗಿಸಿ ಕೇಸಿನೊಳಗೆ ಇಳಿಸಿ, ಬುಡದಿಂದ ಮೇಲಕ್ಕೆ ಗೋಡೆಗೆ ಒತ್ತಿ ಎಳೆಯಿರಿ. ಗೆರೆ ಇದ್ದ ಕಡೆ ತಂತಿ ಗುಂಡಿಗೆ ಬಿದ್ದ ಹಾಗೆ ತಡೆದರೆ ಒಳಗೆ ತೆಳುವಾಗಿದೆ. ಹೊರಗೆ ಮಾತ್ರ ಮಸುಕು ಗೆರೆ ಇದ್ದು ಒಳಗೆ ನುಣುಪಾಗಿದ್ದರೆ ಅದು ಡೈ ನಿಂತ ಗುರುತು, ಹೆದರಬೇಡಿ. ತಂತಿ ತಡೆದ ಕೇಸುಗಳನ್ನೆಲ್ಲ ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿಗೆ ಹಾಕಿ. ಹಾಗೇ ಇಟ್ಟರೆ ಆರು ತಿಂಗಳ ಮೇಲೆ ನೀವೇ ಮರೆತು ತುಂಬುತ್ತೀರಿ. ಮುಂದೆ ಹೆಗಲನ್ನು 0.025ರಿಂದ 0.05 ಮಿ.ಮೀ.ಗಿಂತ ಹೆಚ್ಚು ಹಿಂದೆ ತಳ್ಳಬೇಡಿ.

ಈಗ ಡಬ್ಬದಲ್ಲೇ ಸೀಳಿದ ಆರು ತೋಟೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಇದು, ನಿಮಗೆ ಬೇಸರವಾದರೂ.

ಬ್ರಿಟಿಷರ ಸೈನ್ಯ ಭಾರತದಲ್ಲಿದ್ದ ಕಾಲದಲ್ಲಿ ಇದೇ ತೊಂದರೆ ಎದ್ದಿತ್ತು. ಮಳೆಗಾಲದಲ್ಲಿ ಸೈನ್ಯದ ಓಡಾಟ ಕಡಿಮೆ. ತೋಟೆಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರು. ಮಳೆ ಬಿಟ್ಟ ಮೇಲೆ ತೆಗೆದು ನೋಡಿದರೆ, ಹಾರಿಸದ ತೋಟೆಗಳಲ್ಲೂ ಗುಂಡನ್ನು ಕಚ್ಚಿ ಹಿಡಿದ ಜಾಗದಲ್ಲಿ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಮಳೆಗಾಲ ಕಳೆದ ಮೇಲೆ ಕಾಣುವ ರೋಗವಾದ್ದರಿಂದ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಿತ್ತು. ಕಾರಣ ಬಿಡಿಸಿ ಹೇಳಿದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಮೂವರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಮತ್ತು ಕೇಸನ್ನು ಎಳೆದು ಮಾಡುವಾಗ ಲೋಹದೊಳಗೆ ಉಳಿದುಹೋದ ಸೆಳೆತ. ಇವೆರಡರ ಜೊತೆ ಗಾಳಿಯ ತೇವ. ಸೆಳೆತದಲ್ಲಿರುವ ಲೋಹದ ಹರಳುಗಳ ನಡುವಿನ ಗಡಿಯನ್ನು ಅಮೋನಿಯಾ ಕೊರೆಯುತ್ತದೆ, ಸೆಳೆತ ಅದನ್ನು ಬಾಯಿ ತೆರೆಸುತ್ತದೆ. ಒಂದನ್ನು ತೆಗೆದರೂ ಸೀಳು ನಿಲ್ಲುತ್ತದೆ. ಸತು ಕಡಿಮೆ ಇರುವ ಹಿತ್ತಾಳೆಗೆ, ಅಂದರೆ ನೂರಕ್ಕೆ ಹದಿನೈದರ ಕೆಳಗಿದ್ದರೆ, ಈ ಕಾಟ ಬಹಳ ಕಡಿಮೆ. ನಿಮ್ಮ ಕೇಸಿನಲ್ಲಿರುವುದು ಮೂವತ್ತು.

ಈಗ ನಿಮ್ಮ ಮನೆಯ ಹಟ್ಟಿ ನೆನಪು ಮಾಡಿಕೊಳ್ಳಿ. ಆಷಾಢದ ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿಸುವ ಆ ವಾಸನೆ ಅಮೋನಿಯಾದ್ದೇ. ಅದು ಮೇಲಕ್ಕೆ ಏಳುತ್ತದೆ, ಅಟ್ಟ ಇರುವುದೂ ಮೇಲೆ. ಬಡಿದು ಮಾಡಿದ ಕೊಡಪಾನದ ಕಂಠದಲ್ಲಿ ಸೆಳೆತ ಮೊದಲೇ ಇರುತ್ತದೆ. ತೇವಕ್ಕೆ ಉಡುಪಿಯ ಮಳೆ ಸಾಲದೇ? ಲಾಯದ ಕಥೆಯ ಮೂರೂ ಪಾತ್ರಗಳು ನಿಮ್ಮ ಅಟ್ಟದಲ್ಲೇ ಇದ್ದವು.

ಇಂಥದ್ದೇ ಇನ್ನೊಂದು ನನ್ನ ಕೈಗೆ ಬಂದಿತ್ತು. ಇಲ್ಲಿಯ ಒಂದು ಐಸ್ ಪ್ಲಾಂಟ್, ಹೆಸರು ಬೇಡ. ಮೀನಿಗೆ ಹಾಕುವ ಐಸು ಮಾಡುವ ಈ ಯಂತ್ರಗಳಲ್ಲಿ ಓಡುವುದು ಅಮೋನಿಯಾ, ಹಾಗಾಗಿ ಪೈಪು, ವಾಲ್ವು ಎಲ್ಲ ಉಕ್ಕಿನವೇ ಆಗಿರಬೇಕು. ಯಾರೋ ತುರ್ತಿಗೆ ಸಿಕ್ಕಿದ ಹಿತ್ತಾಳೆ ಜೋಡಣೆ ಹಾಕಿದ್ದರು. ಕೆಲವೇ ವಾರದಲ್ಲಿ ಅದು ತಿರುಪಿನ ಬುಡದಲ್ಲಿ ಸೀಳಿತು. ಮಾಲೀಕರು ಅಂಗಡಿಯವನ ಮೇಲೆ ಹೋಗಲು ತಯಾರಾಗಿದ್ದರು. "ಅಂಗಡಿಯವನು ಒಳ್ಳೆಯ ಹಿತ್ತಾಳೆಯನ್ನೇ ಕೊಟ್ಟಿದ್ದಾನೆ, ನೀವು ಅದನ್ನು ವಿಷಕ್ಕೆ ಇಳಿಸಿದ್ದೀರಿ" ಎಂದೆ. ಅವರಿಗೆ ಇಷ್ಟವಾಗಲಿಲ್ಲ.

ನಿಮ್ಮ ಹ್ಯೂಸ್ಟನ್ನಿನಲ್ಲೂ ನಮ್ಮ ಕರಾವಳಿಯಂಥದ್ದೇ ಸೆಖೆ, ಹಾಗಾಗಿ ತೇವಕ್ಕೆ ಬರವಿಲ್ಲ. ಸೆಳೆತವೂ ಇದೆ. ಕುತ್ತಿಗೆ ಮೂರು ವರ್ಷ ಹಗಲು ರಾತ್ರಿ ಗುಂಡನ್ನು ಬಿಗಿಹಿಡಿದೇ ಇತ್ತು. ಅಮೋನಿಯಾ ಎಲ್ಲಿಂದ ಎಂದು ಹುಡುಕುತ್ತಾ ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬೆಂಚಿನ ಕೆಳಗೆ ಬೆಕ್ಕಿನ ಮರಳಿನ ತಟ್ಟೆ ಇದೆ. ಡಬ್ಬದ ಪಕ್ಕದಲ್ಲೇ ನಳಿಗೆಯ ತಾಮ್ರ ತೆಗೆಯುವ ದ್ರಾವಣದ ಬಾಟಲಿ ಇದೆ, ಮುಚ್ಚಳದ ಸುತ್ತ ನೀಲಿ ಕಲೆ. ಇಂಥ ದ್ರಾವಣಗಳಲ್ಲಿ ಬಹಳಷ್ಟು ಅಮೋನಿಯಾದವು. ಒರೆಸಿದ ಬಟ್ಟೆ ನೀಲಿಯಾಗುತ್ತದಲ್ಲ, ಅದು ತಾಮ್ರವೂ ಅಮೋನಿಯಾವೂ ಕೂಡಿದ ಬಣ್ಣ. ನಳಿಗೆಯಲ್ಲಿ ನಿಮಗೆ ಬೇಕಾದ ಅದೇ ಕೆಲಸ, ಪಕ್ಕದ ಡಬ್ಬದಲ್ಲಿ ಬೇಡದೆಯೇ ನಡೆದಿದೆ. ಕೇಸನ್ನು ಹೊಳೆಯಿಸಲು ಹಿತ್ತಾಳೆ ಪಾಲಿಶ್ ಹಚ್ಚಿದ್ದರೆ ಅದರಲ್ಲೂ ಅಮೋನಿಯಾ ಇದೆಯಾ ಎಂದು ಚೀಟಿ ಓದಿ ನೋಡಿ.

ಆ ಆರನ್ನು ಹಾರಿಸಲೇಬೇಡಿ. ಉಳಿದ ಹದಿನಾಲ್ಕೂ ಅದೇ ಡಬ್ಬದ ಗಾಳಿ ಕುಡಿದವು. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಕೂದಲೆಳೆಯ ಸೀಳು ಕಂಡೀತು, ಕಾಣದೆಯೂ ಇದ್ದೀತು. ನಾನಾಗಿದ್ದರೆ ಇಪ್ಪತ್ತನ್ನೂ ಬಿಚ್ಚಿ ಕೇಸು ಎಸೆಯುತ್ತಿದ್ದೆ. ಬೆಕ್ಕನ್ನು ಬೇರೆ ಕೋಣೆಗೆ ಕಳಿಸಿ, ಇಲ್ಲವೇ ತೋಟೆಗಳನ್ನು ಗಾಳಿಯಾಡದ ಡಬ್ಬಕ್ಕೆ ಹಾಕಿ ಮನೆಯೊಳಗೆ ಬೀಗದಲ್ಲಿಡಿ. ಪ್ರಯೋಗಾಲಯದಲ್ಲಿ ಹಿತ್ತಾಳೆಯೊಳಗಿನ ಸೆಳೆತ ಪತ್ತೆ ಮಾಡಲು ಪಾದರಸದ ಲವಣದ ದ್ರಾವಣಕ್ಕೆ ಅದ್ದುವ ಪರೀಕ್ಷೆ ಇದೆ. ಅದು ವಿಷ, ಮನೆಯಲ್ಲಿ ಬೇಡ. ಹಿಂದೆ ಪ್ರೈಮರಿನಲ್ಲೇ ಪಾದರಸ ಇರುತ್ತಿತ್ತು. ಅಂಥದ್ದನ್ನು ಒಮ್ಮೆ ಹಾರಿಸಿದರೆ ಪಾದರಸ ಹಿತ್ತಾಳೆಗೆ ಇಳಿದು ಪೆಡಸು ಮಾಡುತ್ತಿತ್ತು. ಅಂಥ ತುಂಬಾ ಹಳೆಯ ತೋಟೆಯ ಖಾಲಿ ಕೇಸು ಯಾರಾದರೂ ಪುಕ್ಕಟೆ ಕೊಟ್ಟರೂ ತಗೊಳ್ಳಬೇಡಿ.

ಉಳಿದೆರಡು ದೂರು ಚಿಕ್ಕವು. ಮಿಲಿಟರಿ ಕೇಸಿನಲ್ಲಿ ಪ್ರೈಮರ್ ಕೂರದಿರುವುದು ದೋಷವೇ ಅಲ್ಲ. ಮೆಷಿನ್‌ಗನ್ನಿನ ಕುಲುಕಿಗೆ ಪ್ರೈಮರ್ ಜಾರದಿರಲೆಂದು ಸುತ್ತ ಲೋಹವನ್ನು ಒತ್ತಿ ಬಿಗಿ ಮಾಡಿರುತ್ತಾರೆ. ಆ ಒತ್ತಿದ ಅಂಚನ್ನು ಒಮ್ಮೆ ಸರಿಸಿದರೆ ಆಯಿತು, ಅದಕ್ಕೆ ಬೇಕಾದ ಉಪಕರಣ ನಿಮ್ಮ ಅಂಗಡಿಗಳಲ್ಲಿ ಸಿಗುತ್ತದೆ. ಒಳಗೆ ಬೆಂಕಿ ಹೋಗುವ ತೂತು ಒಂದೇ ಇದೆಯಾ ನೋಡಿ. ಎರಡಿದ್ದರೆ ಅದು ಬರ್ಡನ್ ಮಾದರಿ, ನಿಮ್ಮ ಬಾಕ್ಸರ್ ಪ್ರೈಮರಿಗೆ ಆಗುವುದಿಲ್ಲ. ತಮಾಷೆ ನೋಡಿ, ಬರ್ಡನ್ ಅಮೆರಿಕದವನು, ಬಾಕ್ಸರ್ ಬ್ರಿಟಿಷ್ ಸೇನೆಯವನು. ಅಮೆರಿಕನ್ನರು ಬಾಕ್ಸರನದ್ದನ್ನು ಹಿಡಿದರು, ಯುರೋಪಿನವರು ಬರ್ಡನನದ್ದನ್ನು.

ತೂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವವರು ಜಾಸ್ತಿ, ನನಗೆ ಅಷ್ಟು ಚಿಂತೆ ಇಲ್ಲ. ಹಿತ್ತಾಳೆಯ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 8.5 ಗ್ರಾಂ. ಎರಡು ಕೇಸಿನ ನಡುವೆ ಅರ್ಧ ಗ್ರಾಂ ವ್ಯತ್ಯಾಸ ಇದ್ದರೆ ಒಳಗಿನ ಜಾಗದಲ್ಲಿ ಹೆಚ್ಚೆಂದರೆ 0.06 ಘನ ಸೆಂ.ಮೀ. ವ್ಯತ್ಯಾಸ. .308 ಕೇಸಿನೊಳಗೆ ಇರುವುದೇ ಮೂರೂವರೆ ಘನ ಸೆಂ.ಮೀ. ಆಸುಪಾಸು. ಆ ಅರ್ಧ ಗ್ರಾಂ ಹೊರಗಿನ ಅಂಚಿನಲ್ಲೂ ಇರಬಹುದು, ಆಗ ಒಳಗೇನೂ ಬದಲಾಗುವುದಿಲ್ಲ. ಆದರೆ ಹೊಸ ಕೇಸನ್ನೂ ಮಿಲಿಟರಿ ಕೇಸನ್ನೂ ಒಂದೇ ರಾಶಿಗೆ ಹಾಕಬೇಡಿ. ಮಿಲಿಟರಿಯದ್ದು ಸಾಮಾನ್ಯವಾಗಿ ದಪ್ಪ, ಒಳಗೆ ಜಾಗ ಕಡಿಮೆ. ಅದೇ ಅಳತೆಯ ಪುಡಿ ಹಾಕಿದರೆ ಒತ್ತಡ ಏರುತ್ತದೆ. ತೂಕಕ್ಕಿಂತ ಕುತ್ತಿಗೆಯ ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇದೆಯಾ ಎಂದು ನೋಡಿದರೆ ಹೆಚ್ಚು ಲಾಭ. 0.05 ಮಿ.ಮೀ.ಗಿಂತ ಹೆಚ್ಚಿದ್ದರೆ ಗುಂಡು ಓರೆಯಾಗಿ ಕೂರುತ್ತದೆ, ಮತ್ತು ಅದು ಖಂಡಿತ ತಯಾರಕರ ಪಾಲಿನ ತಪ್ಪು. ಬಟ್ಟಲು ಎಳೆಯುವಾಗ ಅಚ್ಚು ಮಧ್ಯಕ್ಕೆ ಕೂತಿರಲಿಲ್ಲ.

ಹಾಗಾದರೆ ಯಾವುದಕ್ಕೆ ಹಣ ವಾಪಸು ಕೇಳಬೇಕು? ಸರಿಯಾದ ಚೇಂಬರಿನಲ್ಲಿ ಮೊದಲ ಸಲ ಹಾರಿಸಿದಾಗಲೇ ಮೈ ಉದ್ದಕ್ಕೆ ಸೀಳಿದರೆ. ಮಿತವಾದ ಪುಡಿಯಲ್ಲೂ ಒಂದೇ ಸಲಕ್ಕೆ ಪ್ರೈಮರಿನ ಗುಳಿ ಸಡಿಲವಾದರೆ, ಅದು ಬುಡ ಮೆದು ಇರುವ ಲಕ್ಷಣ. ಮೈಯಲ್ಲಿ ಮಡಿಕೆ, ಪದರ, ಗುಳ್ಳೆ ಇದ್ದರೆ. ಬೆಂಕಿಯ ತೂತು ಮಧ್ಯದಲ್ಲಿ ಇಲ್ಲದಿದ್ದರೆ. ಚೀಲದಲ್ಲಿ ಬರುವಾಗ ಬಾಯಿ ಸ್ವಲ್ಪ ನೆಗ್ಗಿದ್ದರೆ ಅದು ದೂರಿನ ವಿಷಯವಲ್ಲ, ಡೈಯಲ್ಲಿ ಒಮ್ಮೆ ಹಾಯಿಸಿದರೆ ಸರಿಹೋಗುತ್ತದೆ. ನಿಮ್ಮ ಪಟ್ಟಿಯಲ್ಲಿ ಕಂಪನಿಗೆ ಬರೆಯಬಹುದಾದದ್ದು ಆ ಒಂಬತ್ತು ಕುತ್ತಿಗೆಗಳ ಬಗ್ಗೆ ಮಾತ್ರ, ಅದೂ ಮೂರು ಅಳತೆ ತೆಗೆದ ಮೇಲೆ. ಬಳೆ ನಿಮ್ಮದು. ಆರು ತೋಟೆಯ ಪಾಲು ನಿಮಗೂ ಬೆಕ್ಕಿಗೂ ಸೇರಿ.

ತೊಳೆಯುವ ಬಗ್ಗೆ ಒಂದು ಮಾತು, ನೀವು ಕೇಳದಿದ್ದರೂ. ಫೋಟೋದಲ್ಲಿ ಕೆಲವು ಕೇಸು ಗುಲಾಬಿ ಬಣ್ಣಕ್ಕೆ ತಿರುಗಿವೆ. ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ಮರೆತಿರಬೇಕು. ನಮ್ಮಲ್ಲಿ ಬಿಂಬುಳಿಯೋ ಹುಣಸೆಹುಳಿಯೋ ಹಚ್ಚಿದ ದೀಪವನ್ನು ತೊಳೆಯದೆ ಬಿಟ್ಟರೆ ಕೆಂಪಾಗುತ್ತದಲ್ಲ, ಅದೇ. ಹುಳಿ ಸತುವನ್ನು ತಿಂದಿದೆ, ತಾಮ್ರ ಉಳಿದಿದೆ. ತಿಕ್ಕಿದರೆ ಹೋಗುವ ಬಣ್ಣ ಚರ್ಮದಷ್ಟೇ ಆಳದ್ದು. ತಿಕ್ಕಿದರೂ ಹೋಗದೆ ಗುಳಿ ಗುಳಿಯಾಗಿದ್ದರೆ ಅಲ್ಲಿ ಲೋಹ ಟೊಳ್ಳಾಗಿದೆ, ಆ ಕೇಸು ಬೇಡ. ಹತ್ತು ನಿಮಿಷ ನೆನೆಸಿ, ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಸಾಕು.

ಕೊನೆಯ ಪ್ರಶ್ನೆ. ಖಾಲಿ ಕೇಸು ಊರಿಗೆ ತರಬೇಡಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಎಂಬ ಮಾತಿನೊಳಗೆ ಅದರ ಬಿಡಿಭಾಗಗಳೂ, ಅದನ್ನು ತಯಾರಿಸುವ ಯಂತ್ರಗಳೂ ಬರುತ್ತವೆ. ಖಾಲಿ ಕೇಸು ಬಿಡಿಭಾಗ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ಬಜ್ಪೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತೆರೆದಿಟ್ಟುಕೊಂಡು ಮಾಡುವುದು ಯಾರಿಗೆ ಬೇಕು? ಮನೆಯಲ್ಲಿ ತೋಟೆ ತುಂಬುವುದಂತೂ ಇಲ್ಲಿ ಲೈಸೆನ್ಸ್ ಇಲ್ಲದೆ ಅಪರಾಧ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ನಮ್ಮ ಕೃಷಿಕರೂ ಲೈಸೆನ್ಸಿನಲ್ಲಿ ಬರೆದಷ್ಟೇ ತೋಟೆಯನ್ನು ಲೈಸೆನ್ಸ್ ಇರುವ ಅಂಗಡಿಯಿಂದ ಕೊಳ್ಳಬೇಕು, ಚುನಾವಣೆ ಬಂತೆಂದರೆ ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕು.

ಬರುವಾಗ ಕೈಬೀಸಿ ಬನ್ನಿ. ನಿಮ್ಮ ತಂದೆಯವರಿಗೆ ಹೇಳಿ ಆ ಕೊಡಪಾನವನ್ನು ಅಟ್ಟದಿಂದ ಇಳಿಸಿಡಿ, ಗುಜರಿಗೆ ಹಾಕಿರದಿದ್ದರೆ. ಸೀಳು ಕಂಠದಿಂದ ಉದ್ದಕ್ಕೆ ಇಳಿದಿದೆಯೋ, ಹೊಟ್ಟೆಯ ಬೆಸುಗೆಯ ಸುತ್ತ ಓಡಿದೆಯೋ ನನಗೆ ನೋಡಬೇಕು. ಸುತ್ತ ಓಡಿದ್ದರೆ ಹಟ್ಟಿಯ ಬಗ್ಗೆ ನಾನು ಹೇಳಿದ್ದರಲ್ಲಿ ಅರ್ಧ ವಾಪಸು ತಗೊಳ್ಳಬೇಕಾದೀತು.